ಲಾಗ್‌ನಲ್ಲಿ ಉಳಿದುಹೋದ ಹೆಸರು

2022ರಲ್ಲಿ ನಾನು ದೊಡ್ಡನೆಕ್ಕುಂದಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಕ್ನಿಕಲ್ ಲೀಡ್ ಆಗಿದ್ದೆ. ಆಸ್ಪತ್ರೆಯ ಲ್ಯಾಬ್‌ಗಳಿಗೆ ಸಾಫ್ಟ್‌ವೇರ್ ಬರೆದುಕೊಡುವುದು ನಮ್ಮ ಕೆಲಸ. ರಕ್ತಪರೀಕ್ಷೆ ಮಾಡುವ ಯಂತ್ರಕ್ಕೆ ಅನಲೈಸರ್ ಎನ್ನುತ್ತಾರೆ. ಅದು ಕೇಬಲ್ ಮೂಲಕ ಕಂಪ್ಯೂಟರಿಗೆ ಅಂಕಿಗಳನ್ನು ಕಳಿಸುತ್ತದೆ. ಯಾವ ಅಂಕಿ ಯಾವ ರೋಗಿಯದು ಎಂದು ಜೋಡಿಸಿ ವರದಿ ತಯಾರಿಸುವುದು ನಮ್ಮ ಪ್ರೋಗ್ರಾಂ. ಈ ಕೆಲಸದಲ್ಲಿ ನನಗೆ ಹತ್ತೊಂಬತ್ತು ವರ್ಷ ಕಳೆದಿದ್ದವು. ಯಾರನ್ನಾದರೂ ಏನನ್ನಾದರೂ ಕೇಳಬೇಕಾದ ವಯಸ್ಸು ಮುಗಿಯಿತು ಎಂದುಕೊಂಡಿದ್ದೆ.

ಆ ವರ್ಷ ಶಿವಾಜಿನಗರದ ಒಂದು ಆಸ್ಪತ್ರೆ ಹೊಸ ಅನಲೈಸರ್ ತರಿಸಿತು. ನಮ್ಮ ಹಳೆಯ ಪ್ರೋಗ್ರಾಂ ಅದರ ಜೊತೆ ಕೆಲಸ ಮಾಡುತ್ತಿರಲಿಲ್ಲ, ಹೊಸದನ್ನು ಬರೆದುಕೊಟ್ಟೆವು. ಮೂರನೆಯ ವಾರ ಲ್ಯಾಬ್ ಮುಖ್ಯಸ್ಥೆ ಫರೀದಾ ಫೋನ್ ಮಾಡಿದರು. ಜ್ವರಕ್ಕೆಂದು ನಡೆದುಕೊಂಡೇ ಬಂದಿದ್ದ ಒಬ್ಬ ಯುವತಿಯ ವರದಿಯಲ್ಲಿ ಪೊಟ್ಯಾಸಿಯಂ ಏಳು ಎಂದು ಬಂದಿತ್ತು. ಅಷ್ಟಿದ್ದರೆ ಹೃದಯ ಯಾವ ಗಳಿಗೆಯಲ್ಲಾದರೂ ನಿಲ್ಲಬಹುದು. ಫರೀದಾ ಇಪ್ಪತ್ತು ವರ್ಷದಿಂದ ಅದೇ ಲ್ಯಾಬಿನಲ್ಲಿದ್ದವರು. ಅಂಕಿ ನೋಡಿದವರೇ ಯಂತ್ರದ ಪರದೆಯ ಮೇಲಿನ ಅಂಕಿಗಳೊಂದಿಗೆ ಹೋಲಿಸಿದ್ದರು. ಆ ಏಳು, ಅವಳಿಗಿಂತ ಮುಂಚೆ ಪರೀಕ್ಷೆಯಾದ ಒಬ್ಬ ಕಿಡ್ನಿ ರೋಗಿಯದಾಗಿತ್ತು.

ಎರಡು ದಿನದ ನಂತರ ಮತ್ತೆ ಹಾಗೇ ಆಯಿತು. ಮರುದಿನವೂ ಆಯಿತು. ನಮ್ಮ ಆಫೀಸಿನಲ್ಲಿ ಮಾತ್ರ ಎಷ್ಟು ಸಲ ಓಡಿಸಿದರೂ ಪ್ರೋಗ್ರಾಂ ತಪ್ಪುತ್ತಿರಲಿಲ್ಲ. ಕಾಣದ ತಪ್ಪನ್ನು ತಿದ್ದುವುದು ಹೇಗೆ? ಹಳೆಯ ಯಂತ್ರವನ್ನು ಆಗಲೇ ಸಾಗಿಸಿಯಾಗಿತ್ತು, ಹಿಂದಕ್ಕೆ ಹೋಗುವಂತಿರಲಿಲ್ಲ. ಲ್ಯಾಬ್ ನಿಲ್ಲಿಸುವಂತೆಯೂ ಇರಲಿಲ್ಲ. ಫರೀದಾ ಮತ್ತು ಇಬ್ಬರು ಟೆಕ್ನಿಷಿಯನ್‌ಗಳು ಪ್ರತಿ ವರದಿಯನ್ನೂ ಯಂತ್ರದ ಪರದೆಯೊಂದಿಗೆ ಕೈಯಾರೆ ಹೋಲಿಸಿ ಸಹಿ ಹಾಕತೊಡಗಿದರು. ದಿನಕ್ಕೆ ಇನ್ನೂರಕ್ಕೂ ಹೆಚ್ಚು ವರದಿಗಳು. ಅವರ ಕಣ್ಣು ಒಂದೇ ಒಂದು ಸಲ ತಪ್ಪಿದರೆ ಏನಾಗಬಹುದು ಎಂಬ ಯೋಚನೆ ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಎಲ್ಲೆಡೆ ನನ್ನ ಜೊತೆಗೇ ಇರುತ್ತಿತ್ತು.

ಆ ಮೊದಲ ಫೋನ್ ಬಂದ ಒಂಬತ್ತನೆಯ ದಿನ ಮಧ್ಯಾಹ್ನ, ನಾನು ಡೆವಲಪರ್‌ಗಳ ಒಂದು ಆನ್‌ಲೈನ್ ವೇದಿಕೆಯಲ್ಲಿ ಪ್ರಶ್ನೆ ಹಾಕಿದೆ. ಜಗತ್ತಿನ ಎಲ್ಲೆಲ್ಲಿಯದೋ ಪ್ರೋಗ್ರಾಮರ್‌ಗಳು ಅಲ್ಲಿ ಒಬ್ಬರ ತೊಡಕನ್ನು ಇನ್ನೊಬ್ಬರು ಬಿಡಿಸುತ್ತಾರೆ. ಅವರ ಉತ್ತರಗಳನ್ನು ವರ್ಷಗಟ್ಟಲೆ ಓದಿ ಉಪಯೋಗಿಸಿಕೊಂಡಿದ್ದೆ, ನಾನಾಗಿ ಕೇಳಿದ್ದು ಅದೇ ಮೊದಲು. ಶೀರ್ಷಿಕೆಯಲ್ಲಿ ‘ಅರ್ಜೆಂಟ್, ದಯವಿಟ್ಟು ಸಹಾಯ ಮಾಡಿ’ ಎಂದು ಬರೆದೆ. ಕೆಳಗೆ ನಾಲ್ಕು ಸಾಲಿನ ಗೋಳು. ಅದರ ಕೆಳಗೆ ನಮ್ಮ ಪ್ರೋಗ್ರಾಮಿನ ಮುನ್ನೂರು ಸಾಲು, ಮತ್ತು ಅದು ಓಡುವಾಗ ತಾನೇ ಬರೆದುಕೊಳ್ಳುವ ದಿನಚರಿ, ಅಂದರೆ ಲಾಗ್, ಇದ್ದದ್ದು ಇದ್ದ ಹಾಗೆ.

ಅರ್ಧ ಗಂಟೆಯೊಳಗೆ ಒಬ್ಬರು, ನೀವು ಏನೇನು ಪ್ರಯತ್ನಿಸಿದ್ದೀರಿ ಎಂದು ಕೇಳಿದರು. ಇನ್ನೊಬ್ಬರು, ಇದರಲ್ಲಿ ಪ್ರಶ್ನೆ ಎಲ್ಲಿದೆ ಎಂದರು. ನನಗೆ ರೇಗಿತು. ಇಲ್ಲಿ ಜೀವದ ಪ್ರಶ್ನೆ ಇದೆ, ಗೊತ್ತಿದ್ದರೆ ಹೇಳಿ, ಇಲ್ಲದಿದ್ದರೆ ಸುಮ್ಮನಿರಿ ಎಂದು ಬರೆದೆ. ವೇದಿಕೆಯವರು ಪ್ರಶ್ನೆಯನ್ನು ಮುಚ್ಚಿದರು, ಇನ್ನು ಅದಕ್ಕೆ ಯಾರೂ ಉತ್ತರ ಬರೆಯುವಂತಿರಲಿಲ್ಲ. ಅದನ್ನೇ ಬೇರೆ ಶೀರ್ಷಿಕೆ ಕೊಟ್ಟು ಮತ್ತೆರಡು ಸಲ ಹಾಕಿದೆ. ಅವೂ ಮುಚ್ಚಿದವು, ಜೊತೆಗೆ ನನ್ನ ಖಾತೆಯಿಂದ ಹೊಸ ಪ್ರಶ್ನೆ ಕೇಳುವುದನ್ನೇ ತಡೆಹಿಡಿದರು. ಇದ್ದ ಒಂದು ಬಾಗಿಲನ್ನೂ ನನ್ನ ಕೈಯಾರೆ ಹಾಕಿಕೊಂಡಿದ್ದೆ.

ಪಕ್ಕದ ಸಾಲಿನಲ್ಲಿ ಮುನಿರಾಜು ಕೂರುತ್ತಿದ್ದರು. ನಮ್ಮ ಟೆಸ್ಟಿಂಗ್ ವಿಭಾಗದವರು, ನನ್ನದೇ ವಯಸ್ಸು. ಅವರ ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ನಮ್ಮ ಕಟ್ಟಡವಿತ್ತು. ಅಂಥ ವೇದಿಕೆಗಳಲ್ಲಿ ಅವರು ಬೇರೆ ಹೆಸರಿನಲ್ಲಿ ಎಷ್ಟೋ ವರ್ಷದಿಂದ ಉತ್ತರ ಬರೆಯುತ್ತಿದ್ದರೆಂದು ನನಗೆ ಗೊತ್ತಾದದ್ದು ಅವತ್ತೇ. ನನ್ನ ಪ್ರಶ್ನೆಯನ್ನು ಮೊದಲಿಂದ ಕೊನೆಯವರೆಗೆ ನಿಧಾನವಾಗಿ ಓದಿದರು.

“ಮೇಡಂ, ಅಲ್ಲಿರೋರು ಸಂಬಳಕ್ಕೆ ಕೂತಿಲ್ಲ. ಊಟದ ಬಿಡುವಲ್ಲಿ ನೋಡ್ತಾರೆ. ನಾವು ಮೂಟೆ ತಂದು ಮುಂದೆ ಸುರಿದ್ಬಿಟ್ರೆ ಯಾರು ಆರಿಸ್ತಾರೆ?” ಎಂದರು. ಅಷ್ಟರಲ್ಲಿ ಅವರ ಬೆರಳು ಪರದೆಯ ಮೇಲೆ ಒಂದು ಕಡೆ ನಿಂತಿತು. “ಈ ಸಾಲು ನೋಡಿದ್ರಾ?”

ಲಾಗ್‌ನ ನಡುವೆ ಒಬ್ಬ ರೋಗಿಯ ಪೂರ್ತಿ ಹೆಸರು, ಮೊಬೈಲ್ ನಂಬರ್, ಪಕ್ಕದಲ್ಲಿ ಅವರ ರಕ್ತದ ಅಂಕಿಗಳು. ಮೂರು ಪ್ರಶ್ನೆಗಳಲ್ಲೂ ಇದ್ದವು. ಮೊದಲ ಪ್ರಶ್ನೆಯನ್ನು ನಲವತ್ತೊಂದು ಸಲ ನೋಡಲಾಗಿದೆ ಎಂದು ಪುಟ ತೋರಿಸುತ್ತಿತ್ತು.

ತಕ್ಷಣ ತಿದ್ದಹೊರಟೆ. ಮುನಿರಾಜು ತಡೆದರು. ತಿದ್ದಿದರೂ ಹಳೆಯ ಪ್ರತಿ ಇತಿಹಾಸದಲ್ಲಿ ಉಳಿಯುತ್ತದೆ, ಯಾರು ಬೇಕಾದರೂ ತೆಗೆದು ನೋಡಬಹುದು, ಬೇರು ಸಮೇತ ತೆಗೆಯಲು ಸಾಧ್ಯವಿರುವುದು ವೇದಿಕೆಯ ಮೇಲ್ವಿಚಾರಕರಿಗೆ ಮಾತ್ರ ಎಂದರು. ಅವರಿಗೆ ಬರೆದೆವು. ಉತ್ತರ ಬರಲು ಎರಡೂಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಪುಟವನ್ನು ಮತ್ತೆ ಮತ್ತೆ ತೆರೆದು ನೋಡುವುದು, ಪ್ರತಿ ಸಲವೂ ಆ ಹೆಸರು ಅಲ್ಲೇ ಇರುವುದು. ನಾನೇ ತೆರೆದು ನೋಡಿ ನೋಡಿ ಆ ಸಂಖ್ಯೆ ಏರುತ್ತಿದೆಯೋ, ಬೇರೆಯವರು ನೋಡುತ್ತಿದ್ದಾರೋ, ಅದೂ ತಿಳಿಯದಾಯಿತು. ಕೊನೆಗೆ ಮೂರನ್ನೂ ತೆಗೆದುಹಾಕಿದ್ದೇವೆ ಎಂದು ಒಂದು ಸಾಲಿನ ಉತ್ತರ ಬಂತು. ನನ್ನ ಒರಟುತನದ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ.

ನಮ್ಮ ಡೈರೆಕ್ಟರ್‌ಗೆ ವಿಷಯ ತಿಳಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ತೆಗೆದಿದ್ದಾರಲ್ಲ, ಮುಗೀತು. ಆಸ್ಪತ್ರೆಯವರಿಗೆ ಹೇಳಿದ್ರೆ ಕಾಂಟ್ರ್ಯಾಕ್ಟ್ ಹೋಗತ್ತೆ. ಇದು ಈ ರೂಮಲ್ಲೇ ಇರಲಿ,” ಎಂದರು. ಅವರು ಕೆಟ್ಟವರಲ್ಲ, ನಲವತ್ತು ಜನರ ಕೆಲಸ ಅವರ ತಲೆಯ ಮೇಲಿತ್ತು. ಹೇಳಿದರೆ ಇಡೀ ಕಂಪನಿಗೆ ಪೆಟ್ಟು. ಹೇಳದಿದ್ದರೆ ಫರೀದಾ ಅವರ ಮುಖ ನೋಡುವುದು ಹೇಗೆ? ಇನ್ನೂರು ವರದಿಗೆ ಸಹಿ ಹಾಕುತ್ತ ನನ್ನ ತಪ್ಪಿನಿಂದ ರೋಗಿಗಳನ್ನು ಕಾಯುತ್ತಿದ್ದವರು ಅವರು.

ಮರುದಿನ ಬೆಳಿಗ್ಗೆ ಆಫೀಸಿಗೆ ಹೋಗದೆ, ಜೀವನ್ ಬಿಮಾ ನಗರದಿಂದ ನೇರವಾಗಿ ಶಿವಾಜಿನಗರಕ್ಕೆ ಹೋದೆ. ಆಸ್ಪತ್ರೆಗೆ ಹೇಳಲು ಹೋಗುತ್ತಿದ್ದೇನೆಂದು ಡೈರೆಕ್ಟರ್‌ಗೆ ಎರಡು ಸಾಲಿನ ಮೆಸೇಜ್ ಹಾಕಿ ಫೋನ್ ಬ್ಯಾಗಿಗೆ ಹಾಕಿಕೊಂಡೆ. ಫರೀದಾ ನಾನು ಹೇಳಿದ್ದನ್ನೆಲ್ಲ ನಿಂತುಕೊಂಡೇ ಕೇಳಿದರು. ಬಯ್ಯಲಿಲ್ಲ. ಆಡಳಿತ ಕಚೇರಿಗೆ ಕರೆದುಕೊಂಡು ಹೋಗಿ ನಡೆದದ್ದನ್ನು ನನ್ನಿಂದ ಲಿಖಿತವಾಗಿ ಕೊಡಿಸಿದರು. ಆಮೇಲೆ ಆ ರೋಗಿಗೆ ತಾವೇ ಫೋನ್ ಮಾಡಿ, ವಿಷಯ ಹೇಳಿ, ರಿಸೀವರ್ ನನ್ನ ಕೈಗೆ ಕೊಟ್ಟರು.

ಕೆ.ಆರ್. ಪುರದ ಕಡೆ ಎಲ್ಲೋ ಕೆಲಸದಲ್ಲಿದ್ದ ಹೆಂಗಸು ಆಕೆ. ನಾನು ಕ್ಷಮೆ ಕೇಳಿದೆ.

“ನನಗೆ ಕಿಡ್ನಿ ತೊಂದರೆ ಇದೆ ಅಂತ ಆಫೀಸಲ್ಲಿ ಯಾರ್ಗೂ ಗೊತ್ತಿಲ್ಲ ರೀ. ಅದನ್ನ ಯಾರ್ಯಾರು ನೋಡಿದ್ರು?”

“ಗೊತ್ತಿಲ್ಲ,” ಎಂದೆ. ಆಕೆ ಫೋನ್ ಇಟ್ಟರು.

ನಾನು ಹೊರಟು ನಿಂತಾಗ ಫರೀದಾ ಒಂದು ಸ್ಟೂಲ್ ಎಳೆದು ಯಂತ್ರದ ಪಕ್ಕ ಇಟ್ಟರು. “ಕೂತ್ಕೊಳ್ಳಿ ಮೇಡಂ. ಎಷ್ಟು ಗಂಟೆಗೆ ಆಯ್ತು, ಯಾವ ನಂಬರ್‌ಗೆ ಆಯ್ತು, ಇಷ್ಟೇ ಕೇಳ್ತೀರ ನೀವು. ನಾನು ಇಲ್ಲಿ ಏನ್ ಮಾಡ್ತೀನಿ ಅಂತ ಇಷ್ಟು ದಿನದಲ್ಲಿ ಒಂದ್ಸಲಾನೂ ಕೇಳಿಲ್ಲ.”

ಕೂತೆ. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಒಂದು ಅಂಕಿ ಅತಿಯಾಗಿ ಬಂತು. ಫರೀದಾ ಅದೇ ರಕ್ತವನ್ನು ಇನ್ನೊಮ್ಮೆ ಪರೀಕ್ಷಿಸಲು ಯಂತ್ರದ ಒಂದು ಗುಂಡಿ ಒತ್ತಿದರು. ಅದಕ್ಕೆ ರೀರನ್ ಎನ್ನುತ್ತಾರೆ. ಅದರ ನಂತರದ ರೋಗಿಯ ವರದಿಯಲ್ಲಿ ಆ ಅಂಕಿ ಬಂದು ಕೂತಿತು. ಗಾಬರಿ ಹುಟ್ಟಿಸುವ ಅಂಕಿಗಳು ಮಾತ್ರ ಏಕೆ ದಾರಿ ತಪ್ಪುತ್ತಿದ್ದವು ಎಂಬುದು ಆಗ ತಿಳಿಯಿತು. ಜನ ಅನುಮಾನ ಬಂದ ಅಂಕಿಯನ್ನಷ್ಟೇ ಮತ್ತೆ ಪರೀಕ್ಷಿಸುತ್ತಾರೆ. ನಮ್ಮ ಆಫೀಸಿನಲ್ಲಿ ಯಾರೂ ರೀರನ್ ಒತ್ತಿರಲಿಲ್ಲ, ಒತ್ತುವ ಕಾರಣವೇ ಅಲ್ಲಿರಲಿಲ್ಲ.

ಆ ಮಧ್ಯಾಹ್ನದಿಂದಲೇ ರೀರನ್ ಫಲಿತಾಂಶಗಳನ್ನು ಕೈಯಲ್ಲೇ ಬರೆದುಕೊಳ್ಳುವ ಏರ್ಪಾಡಾಯಿತು. ಮುನಿರಾಜು ಜೊತೆ ಕೂತು, ತಪ್ಪು ಕಾಣಲು ಬೇಕಾದಷ್ಟನ್ನೇ ಉಳಿಸಿ, ಇಡೀ ಪ್ರೋಗ್ರಾಮನ್ನು ಇಪ್ಪತ್ತೆಂಟು ಸಾಲಿಗೆ ಇಳಿಸಿದೆ. ರೋಗಿಗಳಿಲ್ಲ, ಆಸ್ಪತ್ರೆಯಿಲ್ಲ, ಹೆಸರಿನ ಜಾಗದಲ್ಲಿ ಒಂದು, ಎರಡು, ಮೂರು. ಓಡಿಸಿದರೆ ಪ್ರತಿ ಸಲವೂ ಅದೇ ತಪ್ಪು. ಯಂತ್ರದ ಸಂದೇಶಗಳನ್ನು ಓದಲು ನಾವು ಬಳಸುತ್ತಿದ್ದ ಉಚಿತ ಲೈಬ್ರರಿಗೆ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಪ್ರೋಗ್ರಾಮಿಗೆ, ಅದರದೇ ಬೇರೆ ಬಳಕೆದಾರರ ವೇದಿಕೆ ಇತ್ತು. ಅಲ್ಲಿ ನನ್ನ ಸ್ವಂತ ಹೆಸರಿನಲ್ಲೇ ಕೇಳಿದೆ. ಹೀಗೆ ಮಾಡಿದೆ, ಹೀಗಾಗಬೇಕಿತ್ತು, ಹೀಗಾಯಿತು, ಇಷ್ಟನ್ನು ಪ್ರಯತ್ನಿಸಿದೆ. ಬರೆದು ಮುಗಿಸಲು ಮೂರು ಗಂಟೆ ಬೇಕಾಯಿತು. ಅರ್ಜೆಂಟ್ ಎಂಬ ಪದ ಹಾಕಲಿಲ್ಲ.

ಮರುದಿನ ಯಾರೋ ಒಬ್ಬ ಅಪರಿಚಿತರು ಉತ್ತರಿಸಿದ್ದರು. ನೀವು ಹೇಳಿದಂತೆಯೇ ನನ್ನ ಕಂಪ್ಯೂಟರಿನಲ್ಲೂ ಆಯಿತು ಎಂದು ಮೊದಲ ಸಾಲು. ಪ್ರತಿ ಸಂದೇಶದ ಕೊನೆಗೂ ಯಂತ್ರ ಒಂದು ಗುರುತು ಹಾಕುತ್ತದೆ, ರೀರನ್‌ನಲ್ಲಿ ಆ ಗುರುತು ಬೇರೆ, ನಿಮ್ಮ ಪ್ರೋಗ್ರಾಂ ಅದನ್ನು ಗುರುತಿಸದೆ ಮುಂದಿನ ರೋಗಿಯ ಸಂದೇಶವನ್ನೂ ಸೇರಿಸಿಕೊಳ್ಳುತ್ತಿದೆ ಎಂದು ಎರಡನೆಯದು. ತಪ್ಪು ಲೈಬ್ರರಿಯದಲ್ಲ, ನನ್ನದು. ನಾಲ್ಕು ಸಾಲು ತಿದ್ದಿದೆವು. ಎರಡು ವಾರ ಫರೀದಾ ಹೋಲಿಸುವುದನ್ನು ಬಿಡಲಿಲ್ಲ. ಆಮೇಲೆ ಬಿಟ್ಟರು.

ಆಸ್ಪತ್ರೆ ನಮ್ಮನ್ನು ಕೈಬಿಡಲಿಲ್ಲ, ಆದರೆ ರೋಗಿಗಳ ಹೆಸರಿರುವ ಯಾವ ಕಡತವೂ ಲ್ಯಾಬಿನಿಂದ ಹೊರಗೆ ಹೋಗಬಾರದೆಂಬ ಷರತ್ತು ಹಾಕಿತು. ನನ್ನ ಫೈಲಿಗೆ ಎಚ್ಚರಿಕೆಯ ಪತ್ರವೊಂದು ಸೇರಿತು. ಅದು ನ್ಯಾಯವೇ. ಕೆ.ಆರ್. ಪುರದ ಆಕೆ ಆಮೇಲೆ ಪರೀಕ್ಷೆಗೆ ಆ ಲ್ಯಾಬಿಗೆ ಬರಲಿಲ್ಲವೆಂದು ಫರೀದಾ ಹೇಳಿದರು.

ಈಗ ಅಂಥ ವೇದಿಕೆಗಳಲ್ಲಿ ನಾನೂ ಉತ್ತರ ಬರೆಯುತ್ತೇನೆ. ಅರ್ಜೆಂಟ್ ಎಂದು ಕೂಗಿಕೊಂಡು ಬರುವವರ ಪ್ರಶ್ನೆ ಮುಚ್ಚುವ ಮುನ್ನ ಅವರ ಲಾಗ್ ಪೂರ್ತಿ ಓದುತ್ತೇನೆ. ಸಿಕ್ಕಿಹಾಕಿಕೊಂಡವರಿಗೆ ತಮ್ಮ ಸಂಕಟ ಬಿಟ್ಟು ಬೇರೇನೂ ಕಾಣುವುದಿಲ್ಲ, ಎದುರಿಗೆ ಕೂತವರ ಬಿಡುವೂ ಕಾಣುವುದಿಲ್ಲ, ತಾವು ಎತ್ತಿ ಹಾಕುತ್ತಿರುವ ಸಾಲಿನೊಳಗಿನ ಮನುಷ್ಯರೂ ಕಾಣುವುದಿಲ್ಲ. ಕೇಳುವ ಮುನ್ನ ಇವರಿಬ್ಬರನ್ನೂ ನೋಡುವುದೇ ಶಿಷ್ಟಾಚಾರ ಎಂದು ನಾನು ಕಲಿತೆ. ಕಲಿತದ್ದಕ್ಕೆ ಬೆಲೆ ತೆತ್ತದ್ದು ಮಾತ್ರ ಕೆ.ಆರ್. ಪುರದ ಆಕೆ.