ಐದು ಕಿಲೋಮೀಟರಿನೊಳಗಿನ ಅಥೆನ್ಸ್

ಅಥೆನ್ಸಿನ ಹಾಳು ಗುಡಿಗಳನ್ನು ಗೈಡ್ ಜೊತೆ ಒಂದು ದಿನ ಸುತ್ತಿ, ಅಲ್ಲಿನ ಊಟ ಮಾಡಿ ಬರುವ ಟೂರ್ ಬುಕ್ ಮಾಡಿದ್ದು ನಾನು. ಮೈಸೂರಿನಿಂದ ಬಂದಿದ್ದ ಅತ್ತೆಯ ಆಸೆ ಅದು. ಕೊರೋನಾ ಬಂತು, ಟೂರ್ ರದ್ದಾಯಿತು, ಅತ್ತೆ ಈ ಪರದೇಶದಲ್ಲಿ, ಕ್ಯಾಸಲ್‌ನಾಕ್‌ನ ನಮ್ಮ ಮನೆಯಲ್ಲೇ ಸಿಕ್ಕಿಬಿದ್ದರು. ಆಮೇಲೆ ಮೈಸೂರಿನಲ್ಲಿ ಅವರ ಅಕ್ಕ ತೀರಿಕೊಂಡರು. ಹೋಗೋಣವೆಂದರೆ ವಿಮಾನವೇ ಇರಲಿಲ್ಲ.

ಅತ್ತೆ ಅಳಲಿಲ್ಲ. ನನಗೆ ಹೆದರಿಕೆ ಹುಟ್ಟಿಸಿದ್ದು ಅದೇ. ಎರಡು ತುತ್ತು ತಿಂದು ತಟ್ಟೆ ಸರಿಸಿ ಕೋಣೆ ಸೇರುತ್ತಿದ್ದರು. ನನ್ನ ಗಂಡನೋ, ತರಕಾರಿಯನ್ನೂ ಸೋಪು ನೀರಲ್ಲಿ ತೊಳೆಯುವವ. ಅಮ್ಮನನ್ನು ಗೇಟಿನಾಚೆ ಬಿಡುತ್ತಿರಲಿಲ್ಲ. ಐದು ಕಿಲೋಮೀಟರಿನೊಳಗೆ ಓಡಾಡಬಹುದು ಎಂದು ಸರ್ಕಾರವೇ ಹೇಳಿದ ಮೇಲೂ ಇವನದೇ ಬೇರೆ ಕಾನೂನು. ನನಗೆ ರೇಗಿಹೋಯಿತು.

"ನಾಳೆ ಟೂರ್ ಇದೆ. ಗೈಡ್ ನಾನೇ," ಅಂದೆ.

"ತಲೆ ಕೆಟ್ಟಿದ್ಯಾ ನಿಂಗೆ? ಅಮ್ಮಂಗೆ ಏನಾದ್ರೂ ಆದ್ರೆ?"

"ಆಗ್ಲೇ ಆಗ್ತಿದೆ. ಕಣ್ಣು ಬಿಟ್ಟು ನೋಡು."

ಬೆಳಗ್ಗೆ ಎದ್ದು ಪಾಲಕ್, ಫೆಟಾ ಚೀಸ್ ತುಂಬಿ ಗ್ರೀಕರ ಪೈ ಬೇಯಿಸಿದೆ. ಅತ್ತೆ ತಿನ್ನುವುದಿಲ್ಲವೆಂದು ಈರುಳ್ಳಿ ಹಾಕಲಿಲ್ಲ. ಗ್ರೀಕರು ಏನು ಬೇಕಾದರೂ ಅಂದುಕೊಳ್ಳಲಿ. ಡಬ್ಬಿ ಬ್ಯಾಗಿಗೆ ಹಾಕಿ, ಗೈಡುಗಳ ಹಾಗೆ ಛತ್ರಿ ಎತ್ತಿ ಹಿಡಿದು ಮುಂದೆ ನಡೆದೆ. ಅತ್ತೆ ಹಿಂದೆ ಬಂದರು. ಗೊಣಗುತ್ತಾ ಇವನೂ ಬಂದ.

ನಮ್ಮ ಮನೆಗೆ ಹತ್ತಿರದ ಫೀನಿಕ್ಸ್ ಪಾರ್ಕಿನ ಆ ತುದಿಯ ದಿಬ್ಬದ ಮೇಲೆ ಸಾವಿರಾರು ವರ್ಷ ಹಳೆಯ ಕಲ್ಲುಗಳಿವೆ. ಕುಳ್ಳ ಕಲ್ಲುಗಳ ಮೇಲೊಂದು ದಪ್ಪ ಚಪ್ಪಡಿ, ಅಷ್ಟೇ. ಅಥೆನ್ಸ್ ಅಲ್ಲ, ಒಪ್ಪಿದೆ. ಆದರೆ ನನ್ನ ಟೂರಿಗೆ ಅಷ್ಟು ಸಾಕಿತ್ತು.

ಅತ್ತೆ ಚಪ್ಪಲಿ ಕಳಚಿ ಕೈಮುಗಿದರು. "ಯಾವ ದೇವ್ರಮ್ಮ ಇದು?"

"ದೇವಸ್ಥಾನ ಅಲ್ಲ ಅತ್ತೆ. ಸಮಾಧಿ."

ಇವನು ಗಾಬರಿಯಾದ. "ನಡಿ ಅಮ್ಮ, ಹೋಗೋಣ. ಇನ್ನು ಮನೆಗೆ ಹೋಗಿ ಸ್ನಾನ ಬೇರೆ ಮಾಡ್ಬೇಕು ನೀನು."

ಅತ್ತೆ ಕದಲಲಿಲ್ಲ. "ಅಕ್ಕ ಹೋದಾಗ ಫೋನಲ್ಲಿ ಸುದ್ದಿ ಕೇಳ್ದೆ, ಶವರ್ ಕೆಳಗೆ ನಿಂತು ಸ್ನಾನ ಮಾಡ್ದೆ. ಅಷ್ಟೇ ಕಣೋ ಆಗಿದ್ದು. ಮುಖ ನೋಡ್ಲಿಲ್ಲ, ಬಾಯಿಗೆ ಅಕ್ಕಿಕಾಳು ಹಾಕ್ಲಿಲ್ಲ. ಇವತ್ತು ಒಂದು ಸಮಾಧಿ ಹತ್ರ ನಿಂತು ಅತ್ತು, ಆಮೇಲೆ ಸ್ನಾನ ಮಾಡ್ತೀನಿ. ಯಾರದ್ದಾದ್ರೇನು?"

ಹಾಗೆಂದವರೇ ಅಕ್ಕನನ್ನು ಕೂಗಿ ಕೂಗಿ ಅತ್ತರು. ನಾಯಿ ಹಿಡಿದು ಹೋಗುತ್ತಿದ್ದವರು ನಿಂತರು.

"ಜನ ನೋಡ್ತಿದಾರೆ," ಎಂದ ಇವನು, ಮಾಸ್ಕಿನೊಳಗಿಂದಲೇ.

"ನೋಡ್ಲಿ ಬಿಡು," ಅಂದೆ.

ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡ ಅತ್ತೆ ಪೈ ಬಡಿಸಿಕೊಂಡರು. "ಉಪ್ಪು ಜಾಸ್ತಿ ಆಯ್ತು," ಎಂದು ಬೈಯುತ್ತಲೇ ಇನ್ನೊಂದು ತುಂಡು ಕೇಳಿದರು.