ಹಸುಗಳು ಮೈ ತಿಕ್ಕಿದ ಮಗ್ಗುಲು

ಪೂರ್ವಿಕರು ನೆಟ್ಟು, ಇಂದಿಗೂ ನಿಂತಿರುವ ಪುರಾತನ ಕಲ್ಲುಗಳೆಲ್ಲ ಅಂದಿನಿಂದಲೂ ನಿಂತೇ ಇರುವವಲ್ಲ. ಎಷ್ಟೋ ಕಲ್ಲುಗಳನ್ನು ಬಿದ್ದ ಮೇಲೆ ಎತ್ತಿ ನಿಲ್ಲಿಸಲಾಗಿದೆ. ಸ್ಕಾಟ್ಲೆಂಡಿನ ನಮ್ಮ ದ್ವೀಪದ ಕಲ್ಲು ಹೋದ ಚಳಿಗಾಲದ ಬಿರುಗಾಳಿಗೆ ಬಿತ್ತು. ಎತ್ತಲು ಬಂದ ತಜ್ಞರು ಅದರ ನುಣುಪು ಮಗ್ಗುಲನ್ನು ಕಡಲಿನ ಕಡೆಗೆ ನಿಲ್ಲಿಸಲು ಹೊರಟರು. ಕಡಲಲ್ಲಿ ಮುಳುಗುವ ಸೂರ್ಯನಿಗೆ ಎದುರಾಗಲೆಂದೇ ಪೂರ್ವಿಕರು ಅದನ್ನು ಉಜ್ಜಿ ನುಣುಪು ಮಾಡಿದ್ದರಂತೆ! ಅರವತ್ತು ವರ್ಷ ಅಲ್ಲೇ ಹಸು ಮೇಯಿಸಿದ ಪೀಗಿ ಅಜ್ಜಿಯನ್ನು ಒಬ್ಬರೂ ಕೇಳಲಿಲ್ಲ. ಕ್ರೇನು ಹತ್ತಿರ ಬಂದಾಗ ಅವಳು ಹೋಗಿ ಕಲ್ಲು ನೆಡುವ ಗುಂಡಿಯ ಅಂಚಿನಲ್ಲಿ ಕೂತುಬಿಟ್ಟಳು.

“ಅಜ್ಜೀ, ಏಳಿ, ಅಪಾಯ,” ಎಂದ ಮುಖ್ಯ ತಜ್ಞ.

“ಏಳಲ್ಲ ಮಗಾ. ಅದನ್ನ ನುಣುಪು ಮಾಡಿದ್ದು ಪೂರ್ವಿಕರಲ್ಲ, ನಮ್ಮ ಹಸುಗಳು. ಕಡಲಗಾಳಿ ಬೀಸಿದ್ರೆ ಹಸು ಕಲ್ಲಿನ ಮರೆಗೆ ಬಂದು ಮೈ ತಿಕ್ಕುತ್ತೆ, ಗಾಳಿಗೆ ನಿಂತು ತಿಕ್ಕುತ್ತಾ? ನೀನಾದ್ರೆ ತಿಕ್ತೀಯೇನೋ!”

ಕ್ರೇನಿನವನೇ ಮೊದಲು ನಕ್ಕ. ತಜ್ಞನ ಮುಖ ಕೆಂಪಾಯಿತು. “ಸರಿ, ತಿರುಗಿಸಿ ನೋಡೋಣ,” ಎಂದ. ಅಜ್ಜಿ ಎದ್ದಳು. ನುಣುಪು ಮಗ್ಗುಲನ್ನು ಊರಿನ ಕಡೆಗೆ ತಿರುಗಿಸಿ ಇಳಿಸಿದರೆ, ಕಲ್ಲಿನ ಓರೆ ಬುಡ ಗುಂಡಿಯ ತಳದ ಬಂಡೆಯ ಕುಳಿಯಲ್ಲಿ ಅಳತೆ ತೆಗೆದು ಮಾಡಿದಂತೆ ಕೂತಿತು. ನೋಡಲು ನೆರೆದಿದ್ದ ಇಡೀ ಊರು ಕೇಕೆ ಹಾಕಿತು.

ಕಲ್ಲಿನ ಪಕ್ಕ ಹಾಕಿದ ಫಲಕದಲ್ಲಿ ಈಗ ತಜ್ಞರ ಹೆಸರುಗಳಿವೆ, ಪೀಗಿಯದಿಲ್ಲ. ಕಲ್ಲು ನೋಡಲು ಬರುವವರೇ, ಫಲಕ ಓದಿ ವಾಪಸಾಗಬೇಡಿ; ಅವಳ ಬಾಗಿಲು ತಟ್ಟಿ, ಅವಳನ್ನೇ ಕೇಳಿ.