ತಣ್ಣಿ ಎಂದರೆ ನೀರು

ಬೀರುವಿನ ಮೇಲಿದ್ದ ಹಳದಿ ಲಕೋಟೆಯನ್ನು ಇಳಿಸಿ ಬಿಚ್ಚಿದೆ. ಹಳೆಯ ಫಿಲ್ಮಿನ ಹುಳಿವಾಸನೆ ಮುಖಕ್ಕೆ ಬಡಿಯಿತು. ಒಳಗಿದ್ದದ್ದು ನನ್ನ ಅಣ್ಣನ ಮಿದುಳಿನ ಚಿತ್ರಗಳು.

ತೊಂಬತ್ತರ ದಶಕದ ಆರಂಭ. ಅಣ್ಣ ಬೂದಿಕೋಟೆ ಕಡೆಯ ನಮ್ಮ ಹಳ್ಳಿಯಿಂದ ಕೆ.ಜಿ.ಎಫ್.ಗೆ ಹೋಗಿ, ಮೈಸೂರು ಮೈನ್ಸ್ ಹತ್ತಿರದ ಒಂದು ಖಾಸಗಿ ವರ್ಕ್‌ಶಾಪಿನಲ್ಲಿ ಲೇತ್ ಕೆಲಸಕ್ಕೆ ಸೇರಿದ್ದ. ಬೇಸಿಗೆಯ ಸೆಕೆ ಏರಿದಂತೆ ಅವನ ಕಾಲು ತಡವರಿಸತೊಡಗಿತು, ಕಣ್ಣು ಮಂಜಾಗುತ್ತಿತ್ತು. ಒಂದು ಮಧ್ಯಾಹ್ನ ಮಷೀನಿನ ಮೇಲೇ ವಾಲಿದ.

ಮೇಸ್ತ್ರಿ ಎಲ್ಲರೆದುರು ಕೇಳಿದರು: “ಏನಪ್ಪಾ, ತಣ್ಣಿಯಾ?”

ಅಲ್ಲಿಯ ತಮಿಳಿನಲ್ಲಿ ತಣ್ಣಿ ಎಂದರೆ ನೀರೂ ಹೌದು, ಹೆಂಡವೂ ಹೌದು. ಸೇರಿ ತಿಂಗಳೂ ಆಗಿರದ ಅಣ್ಣನಿಗೆ ಅದು ಬರೀ ತಣ್ಣೀರು.

“ಊ ಸಾರ್, ಬೆಳಗಿಂದ ಕುಡೀತಾನೇ ಇವ್ನಿ.”

ಎಲ್ಲರೂ ನಕ್ಕರು. ಕೆಲಸ ಹೋಯಿತು. ಕುಡುಕನೆಂಬ ಹೆಸರು ಅವನಿಗಿಂತ ಮೊದಲೇ ಊರು ಸೇರಿತು. ಹೆಣ್ಣು ಕೊಡಲು ಒಪ್ಪಿದ್ದವರು ಹಿಂದೆ ಸರಿದರು. ಅಪ್ಪನೂ ಅವನ ಬಾಯಿ ಮೂಸಿ ನೋಡಿದ…

ಮರುವರ್ಷ ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಎಂಆರ್‌ಐ ಆಯಿತು. ಡಾಕ್ಟರು ಫಿಲ್ಮಿನಲ್ಲಿದ್ದ ಬಿಳಿ ಚುಕ್ಕೆಗಳನ್ನು ತೋರಿಸಿದರು. ಮಲ್ಟಿಪಲ್ ಸ್ಕ್ಲಿರೋಸಿಸ್, ನರಗಳ ಹೊದಿಕೆ ಸವೆಯುವ ಕಾಯಿಲೆ, ಸೆಕೆಗೆ ತೊಂದರೆ ಹೆಚ್ಚುತ್ತದೆ, ಕುಡಿತಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು. ಆ ಕೊನೆಯ ಮಾತನ್ನು ಚೀಟಿಯಲ್ಲಿ ಬರೆಸಿಕೊಂಡೆ.

ಬಂಗಾರಪೇಟೆಯಲ್ಲಿ ರೈಲಿಳಿದು ಅಣ್ಣನನ್ನು ಊರಿನ ಬಸ್ಸು ಹತ್ತಿಸಿದೆ. ನಾನು ನೇರ ವರ್ಕ್‌ಶಾಪಿಗೆ ಹೋಗಿ, ಕೆಲಸಗಾರರೆಲ್ಲರ ಎದುರು ಡಾಕ್ಟರ ಚೀಟಿ ಓದಿ, ಫಿಲ್ಮನ್ನು ಬಿಸಿಲಿಗೆ ಹಿಡಿದೆ.

“ನೋಡಿ ಮೇಸ್ತ್ರಿಗಳೇ, ಇದೇ ನೀವು ಕಂಡ ತಣ್ಣಿ.”

“ನಂಗೇನಮ್ಮಾ ತಿಳಿತದೆ, ನಾನೇನ್ ಡಾಕ್ಟ್ರಾ?” ಎಂದು ಮುಖ ತಿರುಗಿಸಿದರು.

ಕೆಲವು ವರ್ಷಗಳ ಮೇಲೆ, ಕಾಯಿಲೆ ಎಷ್ಟು ಮುಂದುವರಿದಿದೆ ಎಂದು ನೋಡಲು ಮತ್ತೆ ಎಂಆರ್‌ಐ ಮಾಡಿದರು. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಡಾಕ್ಟರು ಚುಕ್ಕೆ ಹೋಲಿಸಿದರು. ಹೆಚ್ಚಿದ್ದವು. ಅದನ್ನೂ ಒಯ್ದು ತೋರಿಸಿದೆ. ಆಮೇಲೆ ಮೂರನೆಯದನ್ನೂ. ನನ್ನನ್ನು ದೂರದಲ್ಲಿ ಕಂಡರೇ ಮೇಸ್ತ್ರಿ ಒಳಕ್ಕೆ ಸರಿಯುತ್ತಿದ್ದರು. ಅದನ್ನು ನೋಡಿ ಹೊಟ್ಟೆ ತಣ್ಣಗಾಗುತ್ತಿತ್ತು.

ಅಣ್ಣನಿಗೆ ಮಾತ್ರ ನಗು. “ನನ್ ತಲೇನ ಇನ್ನೂ ಎಷ್ಟ್ ದಿನ ಮೆರವಣಿಗೆ ಮಾಡ್ತೀಯಮ್ಮ? ಬುಟ್ಬುಡು, ಆವಯ್ಯನ್ಗೂ ವಯಸ್ಸಾಯ್ತು.”

ಆ ಹೊತ್ತಿಗೆ ಅವನು ಎದ್ದು ಕೂರಲು ನನ್ನ ಭುಜ ಬೇಕಾಗಿತ್ತು… ನಾನು ಬಿಡಲಿಲ್ಲ.

ಅಣ್ಣ ಹೋಗಿ ಬಹಳ ವರ್ಷಗಳಾದವು. ಈಗಲೂ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಎದುರಾದರೆ ಆ ಮೇಸ್ತ್ರಿ ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಎರಡೂ ಕೈ ಜೋಡಿಸಿ ನನಗೆ ನಮಸ್ಕಾರ ಮಾಡುತ್ತಾರೆ. ನಾನು ನಿಂತು ಪೂರ್ತಿ ನೋಡಿ, ಕೈಮುಗಿಯದೆ ಮುಂದೆ ಹೋಗುತ್ತೇನೆ. ಅಣ್ಣ ಇದ್ದಿದ್ದರೆ ತಿರುಗಿ ಕೈಮುಗಿಯುತ್ತಿದ್ದ.

ಅವನು ಇಲ್ಲವಲ್ಲ.